ಕಾಲುವ್ಯಾಗ ನೀರಿಲ್ಲ, ಇದು ಯಾವ ವಾಕ್ಯ?

ಮೊನ್ನೆ ಭಾನುವಾರ ಮಸ್ಕಿಯಿಂದ ಅಣ್ಣನ ಮಗಳ ಫೋನು. ಹತ್ತನೇ ಕ್ಲಾಸು. "ಕಾಕಾ, ಕಾಂಪೌಂಡ್ ಯಾವ್ದು ಕಾಂಪ್ಲೆಕ್ಸ್ ಯಾವ್ದು ತಿಳೀವಲ್ದು. ನಂಗ ಇಂಗ್ಲಿಷ್ ಬರಂಗಿಲ್ಲ ಬಿಡು" ಅಂದಳು. ಕೊನೆಯ ಮಾತು ಕೇಳಿ ಸಿಟ್ಟು ಬಂತು. ಅವಳ ಮೇಲಲ್ಲ.

ವಿಷಯ ಇಷ್ಟೇ. ತಮ್ಮಷ್ಟಕ್ಕೆ ನಿಲ್ಲಬಲ್ಲ ಎರಡು ವಾಕ್ಯಗಳನ್ನು ಆ್ಯಂಡ್, ಬಟ್, ಸೋ ಹಾಕಿ ಹೊಲಿದರೆ ಕಾಂಪೌಂಡ್. ಬಿಕಾಸ್, ದೋ, ವೆನ್ ಹಿಡಿದು ಒಂದು ಇನ್ನೊಂದಕ್ಕೆ ಜೋತುಬಿದ್ದರೆ ಕಾಂಪ್ಲೆಕ್ಸ್. ಕಾಂಪ್ಲೆಕ್ಸ್ ಅಂದರೆ ಕಷ್ಟದ್ದು ಅಂತಲ್ಲ. ಇದನ್ನ ನಮಗೆ ಯಾರೂ ಹೇಳಲೇ ಇಲ್ಲ, ಹೆಸರು ಕೇಳಿಯೇ ಅರ್ಧ ಕ್ಲಾಸು ಹೆದರಿ ಕೂತಿತ್ತು.

ಈಗ ಸಿಂಧನೂರು ಕಡೆ ಬನ್ನಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ. 'ದಿ ಕೆನಾಲ್ ವಾಸ್ ಡ್ರೈ, ಸೋ ಹೀ ಡಿಡ್ ನಾಟ್ ಪ್ಲಾಂಟ್ ಪ್ಯಾಡಿ': ಕಾಂಪೌಂಡ್. ಸೋ ಕಿತ್ತು ಮುಂದೆ ಬಿಕಾಸ್ ಹಾಕಿ: ಕಾಂಪ್ಲೆಕ್ಸ್. 'ಬಿಕಾಸ್ ಆಫ್ ದಿ ಡ್ರೈ ಕೆನಾಲ್' ಅನ್ನಿ: ಸಿಂಪಲ್. ರೈತನಿಗೆ ಮೂರರಲ್ಲೂ ನಾಟಿ ಇಲ್ಲ. ಅವನು ಹೇಳೋದು ಒಂದೇ, "ಕಾಲುವ್ಯಾಗ ನೀರಿಲ್ದಕ್ಕ ನಾಟಿ ಮಾಡ್ಲಿಲ್ಲ."

ನಮ್ಮ ಮಕ್ಕಳು ಎಡವೋದು ಈ ಹೆಸರುಗಳಲ್ಲಿ ಅಲ್ಲ. "ಅಪ್ಪ ಮುಂಜಾನಿ ಎದ್ದು, ಎತ್ತಿಗೆ ಮೇವು ಹಾಕಿ, ಚಾ ಕುಡುದು, ಹೊಲಕ್ಕ ಹೋದ." ನಾಲ್ಕು ಕೆಲಸ, ಪೂರ್ಣ ಕ್ರಿಯಾಪದ ಒಂದೇ. ಇಂಗ್ಲಿಷಿನಲ್ಲಿ ಗಾಟ್ ಅಪ್, ಫೆಡ್, ಡ್ರ್ಯಾಂಕ್, ವೆಂಟ್ ಅಂತ ನಾಲ್ಕಕ್ಕೂ ಕಾಲ ತೊಡಿಸಬೇಕು. 'ಲಿಂಗಸುಗೂರಿನಿಂದ ಬಂದ ಹುಡುಗಿ' ಅನ್ನೋಕೆ ನಮಗೆ 'ಹೂ' ಬೇಕಾಗಿಲ್ಲ, ಅವರಿಗೆ ಬೇಕು. ಇದೊಂದನ್ನು ಬೋರ್ಡಿನ ಮೇಲೆ ಎರಡೂ ಭಾಷೆಯಲ್ಲಿ ಅಕ್ಕಪಕ್ಕ ಬರೆದು ತೋರಿಸಿದ್ದರೆ ನನ್ನ ಹತ್ತು ವರ್ಷ ಉಳೀತಿತ್ತು. ಬದಲಿಗೆ ನಾವು ಮಾಡಿದ್ದು ಏನು? ಇದನ್ನು ಅದಕ್ಕೆ ಬದಲಿಸಿ, ಒಂದು ಅಂಕ.

ಹೋಗಲಿ, ಕನ್ನಡ ಪಿರಿಯಡ್ಡಲ್ಲಾದರೂ ಬಿಡುಗಡೆಯೇ? ಅಲ್ಲೂ ಸಾಮಾನ್ಯ, ಸಂಯೋಜಿತ, ಮಿಶ್ರ. ಅದೇ ಮೂರು ಅಂಗಿ, ನಮ್ಮ ಮೈಗೆ. 13ನೇ ಶತಮಾನದ ಕೇಶಿರಾಜ ಸಂಧಿ, ಸಮಾಸ, ಧಾತು ಅಂತ ಕನ್ನಡದ ಒಡಲೆಲ್ಲ ಬಗೆದು ನೋಡಿದ. ಅವನಿಗೆ ಈ ಮೂರು ಬೇಕಾಗಲಿಲ್ಲ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಅಂತ ಪುಸ್ತಕವನ್ನೇ ಬರೆದರು. ಅವರ ಮುಖ್ಯ ಜಗಳ ಸಂಸ್ಕೃತದ ಅಚ್ಚಿನ ಜೊತೆ. ಇಂಗ್ಲಿಷ್ ಅಚ್ಚಿನ ಜೊತೆಗೂ ಅಷ್ಟೇ ಜಗಳ ಬಾಕಿ ಇದೆ ಅನ್ನೋದು ನನ್ನ ತಕರಾರು.

"ವರ್ಗೀಕರಣ ಗೊತ್ತಿಲ್ದೆ ಬರೆಯೋದು ಹೇಗೆ ಗುರೂ?" ಅಂತ ಟೀಮಿನ ಗೆಳೆಯ ಕೇಳಿದ. ಎಲ್ಲಿ ಕಾಮಾ, ಯಾವುದು ಮುಖ್ಯ ಮಾತು ಅಂತ ತಿಳಿಯೋಕೆ ಅದು ಬೇಕು, ಒಪ್ತೀನಿ. ಆದರೆ ಆ ಪಾಠದಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ "ಬಿಲ್ಡ್ ಟೆಸ್ಟ್ ಮಾಡಿದ್ಮ್ಯಾಲ ಸರ್ವರ್ ಬಿತ್ತು" ಅನ್ನೋದನ್ನ ಮನಸ್ಸಲ್ಲಿ ಇಟ್ಟುಕೊಂಡು 'ಹ್ಯಾವಿಂಗ್ ಟೆಸ್ಟೆಡ್ ದಿ ಬಿಲ್ಡ್, ದಿ ಸರ್ವರ್ ವೆಂಟ್ ಡೌನ್' ಅಂತ ಮೇಲ್ ಹಾಕಿದೆ. ಟೆಸ್ಟ್ ಮಾಡಿದ್ದು ಸರ್ವರಾ ಅಂತ ಕ್ಲೈಂಟ್ ಕೇಳಿದ. ಕಾಲ್‌ನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಆರು ತಿಂಗಳು ಮೀಟಿಂಗಲ್ಲಿ ಬಾಯಿ ಬಿಡಲಿಲ್ಲ.

ಹುಡುಗಿಗೆ ಹೇಳಿದೆ, "ಅಜ್ಜ ಮುಂಜಾನಿ ಏನೇನ್ ಮಾಡ್ತಾನ, ಒಂದ ಉಸಿರಿಗೆ ಹೇಳು." ಆರು ಕೆಲಸ ಹೇಳಿದಳು. "ಈಗ ಆರಕ್ಕೂ ಪೂರ್ತಿ ಕ್ರಿಯಾಪದ ಹಾಕಿ ಇಂಗ್ಲಿಷಿನ್ಯಾಗ ಬರಿ." ಒಂದೂ ತಪ್ಪಿಲ್ಲದೆ ಬರೆದಳು. ಆಮೇಲೆ ಕೇಳಿದಳು, "ಇದು ಸಿಂಪಲ್ಲೋ ಕಾಂಪೌಂಡೋ, ಕಾಕಾ?"

ಕರ್ತೃ ಒಂದೇ ಅಂತ ಒಂದು ಪುಸ್ತಕ ಸಿಂಪಲ್ ಅನ್ನುತ್ತೆ, ಕ್ರಿಯಾಪದ ಆರು ಅಂತ ಇನ್ನೊಂದು ಕಾಂಪೌಂಡ್ ಅನ್ನುತ್ತೆ. "ಪರೀಕ್ಷಾದಾಗ ನಿಮ್ಮ ಸರ್ ಹೇಳಿದ್ದ ಬರಿ" ಅಂದೆ.