ನೆಲದಿಂದ ಕೈ ಊರದೆ ಎದ್ದರೆ ಆಯಸ್ಸು ಗಟ್ಟಿಯೇ? ಹಿರಿಯರ ಆರೋಗ್ಯ ಅಳೆಯುವುದು ಹೇಗೆ?

ನೆಲದ ಮೇಲೆ ಕೂತು, ಕೈ ಊರದೆ ಎದ್ದು ನಿಲ್ಲಿ. ಎದ್ದರೆ ದೀರ್ಘಾಯುಷ್ಯ, ಆಗದಿದ್ದರೆ ಅಪಾಯ. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ನೋಡಿದವರು ಮನೆಯ ಅಜ್ಜಿಯನ್ನು ಏಳಿಸಿ, ಕೂರಿಸಿ ಪರೀಕ್ಷೆ ಮಾಡುವುದೂ ಉಂಟು. ಇದರಲ್ಲಿ ನಿಜ ಎಷ್ಟು?

ವಿಡಿಯೊದ ಹಿಂದಿರುವ ಅಧ್ಯಯನ

ಅಧ್ಯಯನ ನಡೆದಿರುವುದು ನಿಜ. ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಒಂದು ಕ್ಲಿನಿಕ್‌ಗೆ ಬಂದ 51ರಿಂದ 80 ವರ್ಷದ 2,002 ಜನರ ಮೇಲೆ ಇದನ್ನು ಮಾಡಿದ್ದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕಡಿಮೆ ಅಂಕ ಪಡೆದವರಲ್ಲಿ ಮುಂದಿನ ಸುಮಾರು ಆರು ವರ್ಷಗಳಲ್ಲಿ ಸಾವು ಹೆಚ್ಚಿತ್ತು. ಆದರೆ ಇದು ಗುಂಪಿನ ಲೆಕ್ಕ. ಒಬ್ಬ ವ್ಯಕ್ತಿ ಎಷ್ಟು ವರ್ಷ ಬದುಕುತ್ತಾರೆ ಎಂದು ಇದು ಹೇಳುವುದಿಲ್ಲ.

ಇನ್ನೂ ಒಂದು ಮಾತಿದೆ. ರಿಯೊ ನಗರದ ಕುರ್ಚಿ, ಸೋಫಾದ ಬದುಕು ಬೇರೆ. ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರಿನಂಥ ಊರಿನಲ್ಲಿ ನೆಲದ ಮೇಲೆ ಕೂತು ಊಟ ಮಾಡಿ, ಗದ್ದೆಯಲ್ಲಿ ಬಗ್ಗಿ ಸಸಿ ನಾಟಿ ಮಾಡಿದವರ ಬದುಕು ಬೇರೆ. ಇಲ್ಲಿನ ಅಜ್ಜಿ ಸಲೀಸಾಗಿ ಎದ್ದು ನಿಂತರೂ ಬಿಪಿ ಏರಿರಬಹುದು. ಮೊಣಕಾಲು ಸವೆದು ಏಳಲಾಗದ ಅಜ್ಜನ ಹೃದಯ ಚೆನ್ನಾಗಿಯೇ ಇರಬಹುದು. ಒಂದೂರಿನ ಅಳತೆಗೋಲನ್ನು ಇನ್ನೊಂದೂರಿಗೆ ಹಾಗೇ ತಂದರೆ ಲೆಕ್ಕ ತಪ್ಪುತ್ತದೆ.

ಮೊದಲ ತೊಡಕು: ವಯಸ್ಸು ಎಷ್ಟು?

ಜನನ-ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದಿದ್ದು 1969ರಲ್ಲಿ. ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದಲ್ಲಿ ಹುಟ್ಟಿದ ಎಷ್ಟೋ ಜನರ ಬಳಿ ಜನನ ಪತ್ರವೇ ಇಲ್ಲ. ಬರ, ಜಾತ್ರೆ, ಮನೆಯ ಮದುವೆ ನೆನೆದು ವಯಸ್ಸು ಹೇಳುತ್ತಾರೆ. ಹೀಗೆ ಅಂದಾಜಿನಲ್ಲಿ ಬರೆಸಿದ ಅನೇಕರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ. ಜನಗಣತಿಯಲ್ಲೂ 60, 65, 70 ಎಂದು ಹೇಳುವವರೇ ಹೆಚ್ಚು. 61, 67 ಎನ್ನುವವರು ಕಡಿಮೆ.

ಹಾಗಾಗಿ "ಈ ಊರಿನ ಅಜ್ಜನಿಗೆ 115 ವರ್ಷ, ಗುಟ್ಟು ಇದೇ ಸೊಪ್ಪು" ಎಂಬ ಫಾರ್ವರ್ಡ್ ಬಂದರೆ ಮೊದಲು ಕೇಳಬೇಕಾದ್ದು ಸೊಪ್ಪಿನ ಹೆಸರಲ್ಲ, ದಾಖಲೆ. ದಾಖಲೆಗೆ ಹೆಸರಾದ ಜಪಾನಿನಲ್ಲೇ 2010ರಲ್ಲಿ ಪರಿಶೀಲಿಸಿದಾಗ, ಪುಸ್ತಕದಲ್ಲಿ ಬದುಕಿದ್ದ 2.3 ಲಕ್ಷಕ್ಕೂ ಹೆಚ್ಚು ಶತಾಯುಷಿಗಳು ಎಲ್ಲಿದ್ದಾರೆಂದೇ ಗೊತ್ತಾಗಲಿಲ್ಲ.

ಎರಡನೆಯದು: "ಆರಾಮ ಅದೀನಪ್ಪ"

ಹೇಗಿದ್ದೀರಿ ಎಂದು ಕೇಳಿದರೆ ನಮ್ಮ ಕಡೆಯ ಹಿರಿಯರು ಹೇಳುವ ಉತ್ತರ ಇದೇ. ಕಣ್ಣು ಮಂಜಾಗಿದ್ದರೂ ಆರಾಮ, ಮೊಣಕಾಲು ನೋಯುತ್ತಿದ್ದರೂ ಆರಾಮ. ಈ ಉತ್ತರವನ್ನೇ ನಂಬಿ ಲೆಕ್ಕ ಹಾಕಿದರೆ ಏನಾಗುತ್ತದೆ? ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಇದನ್ನೇ ತೋರಿಸಿದರು. ಹೆಚ್ಚು ಕಾಲ ಬದುಕುವ ಕೇರಳದ ಜನ ಕಾಯಿಲೆ ಇದೆ ಎಂದು ಹೆಚ್ಚು ಹೇಳುತ್ತಾರೆ. ಆಯಸ್ಸು ಕಡಿಮೆ ಇರುವ ಬಿಹಾರದಲ್ಲಿ ಹಾಗೆ ಹೇಳುವವರು ಕಡಿಮೆ. ಓದು ಮತ್ತು ಆಸ್ಪತ್ರೆ ಹತ್ತಿರ ಇದ್ದ ಕಡೆ ಜನ ಕಾಯಿಲೆಯನ್ನು ಕಾಯಿಲೆ ಎಂದು ಗುರುತಿಸುತ್ತಾರೆ. ಇಲ್ಲದ ಕಡೆ ಅದು "ವಯಸ್ಸಾಯ್ತಲ್ಲ" ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ.

ಮೂರನೆಯದು: ನೆನಪಿನ ಪರೀಕ್ಷೆ

ಮರೆವಿನ ಕಾಯಿಲೆ ಪತ್ತೆಗೆ ಜಗತ್ತೆಲ್ಲ ಬಳಸುವ 30 ಅಂಕದ ಒಂದು ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಸಿದ್ಧವಾಯಿತು. ಅದರಲ್ಲಿ ಒಂದು ಪದದ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಬೇಕು, ಒಂದು ವಾಕ್ಯ ಬರೆಯಬೇಕು. ಶಾಲೆಯ ಮುಖವನ್ನೇ ನೋಡದ ಅಜ್ಜಿ ಇಲ್ಲಿ ಅಂಕ ಕಳೆದುಕೊಳ್ಳುವುದು ಮರೆವಿನಿಂದಲ್ಲ, ಅಕ್ಷರ ಕಲಿಯದ್ದರಿಂದ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 60ರ ಆಸುಪಾಸಿನಲ್ಲಿತ್ತು. ಹಿರಿಯ ಹೆಣ್ಣುಮಕ್ಕಳಲ್ಲಿ ಇನ್ನೂ ಕಡಿಮೆ.

ಇದಕ್ಕೆ ಪರಿಹಾರವೂ ಹುಟ್ಟಿತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಪರೀಕ್ಷೆಯನ್ನೇ ಬದಲಿಸಿದರು. ಅಕ್ಷರದ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿದರು. ವಾಕ್ಯ ಬರೆಸುವ ಬದಲು ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ ಎಂದರು.

ದಿನನಿತ್ಯದ ಕೆಲಸದ ಪ್ರಶ್ನೆಗಳಿಗೂ ಇದೇ ಎಚ್ಚರ ಬೇಕು. ಹಣದ ವ್ಯವಹಾರ ಮಾಡುತ್ತೀರಾ ಎಂದರೆ ಅಜ್ಜಿ ಇಲ್ಲ ಎನ್ನಬಹುದು. ಆಗುವುದಿಲ್ಲವೋ, ಮನೆಯಲ್ಲಿ ಯಾವತ್ತೂ ಆ ಕೆಲಸ ಅವರ ಕೈಗೆ ಬಂದೇ ಇಲ್ಲವೋ? ಎರಡೂ ಒಂದೇ ಅಲ್ಲ.

ಹಾಗಾದರೆ ಅಳೆಯುವುದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಇದು: ಆರೋಗ್ಯಕರ ವೃದ್ಧಾಪ್ಯ ಅಂದರೆ ಕಾಯಿಲೆಯೇ ಇಲ್ಲದಿರುವುದಲ್ಲ, ತನಗೆ ಮುಖ್ಯವಾದ ಕೆಲಸ ಮಾಡಿಕೊಂಡು ಬದುಕುವ ಶಕ್ತಿ ಉಳಿದಿರುವುದು. ಆ ಶಕ್ತಿ ದೇಹ, ಮನಸ್ಸಿನ ಮೇಲೆ ಮಾತ್ರವಲ್ಲ, ಸುತ್ತಲಿನ ಪರಿಸರದ ಮೇಲೂ ನಿಂತಿದೆ. ಕಾಲುನೋವಿದ್ದರೂ ಮನೆ ಹತ್ತಿರ ಬಸ್ಸು, ಹಿಡಿಯಲು ಕಂಬಿ ಇರುವ ಶೌಚಾಲಯ ಇದ್ದರೆ ಅಜ್ಜ ಓಡಾಡುತ್ತಾರೆ. ಇಲ್ಲದಿದ್ದರೆ ಅದೇ ಕಾಲುನೋವು ಅವರನ್ನು ಮನೆಯೊಳಗೆ ಕೂರಿಸುತ್ತದೆ.

ಹೀಗಾಗಿ ದೊಡ್ಡ ಸಮೀಕ್ಷೆಗಳು ಕೇಳುವುದರ ಜೊತೆಗೆ ಅಳೆಯುತ್ತವೆ. 2017–18ರಲ್ಲಿ 45 ದಾಟಿದ 72 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ತಲುಪಿದ 'ಲಾಸಿ' ಸಮೀಕ್ಷೆ ಬಿಪಿ, ಕೈಹಿಡಿತದ ಬಲ, ನಡಿಗೆಯ ವೇಗ ಎಲ್ಲವನ್ನೂ ನೋಡಿತು. ಇದರ ಆರಂಭಿಕ ಪ್ರಯೋಗ 2010ರಲ್ಲಿ ನಡೆದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿ, ವಯಸ್ಸಾದಂತೆ ಆಗುವ ಬದಲಾವಣೆ ಗಮನಿಸುತ್ತಿದೆ.

ಮನೆಯಲ್ಲಿ ನೀವು ಗಮನಿಸಬಹುದಾದ್ದು

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಆರು ವಿಷಯಗಳಿವೆ:

1. ನೆನಪು: ಹೂವು, ಬಾಗಿಲು, ಅಕ್ಕಿ ಎಂಬ ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ನಂತರ ಕೇಳಿದರೆ ನೆನಪಿದೆಯೇ?
2. ಓಡಾಟ: ಕೈ ಬಳಸದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 14 ಸೆಕೆಂಡಿಗಿಂತ ಹೆಚ್ಚು ಬೇಕೇ? ಬೀಳುವ ಭಯವಿದ್ದರೆ ಒತ್ತಾಯ ಮಾಡಬೇಡಿ.
3. ಆಹಾರ: ಮೂರು ತಿಂಗಳಲ್ಲಿ ತಾನಾಗಿಯೇ 3 ಕೆಜಿಗಿಂತ ಹೆಚ್ಚು ತೂಕ ಇಳಿದಿದೆಯೇ? ಹಸಿವು ಕಡಿಮೆಯಾಗಿದೆಯೇ?
4. ಕಣ್ಣು: ದೂರದ್ದು, ಹತ್ತಿರದ್ದು ಕಾಣುತ್ತದೆಯೇ?
5. ಕಿವಿ: ಪಿಸುಮಾತು ಕೇಳಿಸುತ್ತದೆಯೇ?
6. ಮನಸ್ಸು: ಎರಡು ವಾರದಿಂದ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇದೆಯೇ?

ಇವು ರೋಗ ನಿರ್ಣಯವಲ್ಲ. ತೊಂದರೆ ಕಂಡರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಪಕ್ಕದ ಮನೆಯವರಿಗೆ ಹೋಲಿಸಬೇಡಿ. ಆರು ತಿಂಗಳ ಹಿಂದೆ ಅವರೇ ಹೇಗಿದ್ದರು ಎಂದು ನೋಡಿ. ಕಣ್ಣಿನ ಪೊರೆ, ಕಿವಿ ಮಂದ, ತೂಕ ಇಳಿಯುವುದಕ್ಕೆಲ್ಲ ಚಿಕಿತ್ಸೆ ಇದೆ. ಹಿರಿಯರ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

ಒಂದೇ ಪರೀಕ್ಷೆಯಿಂದ ಆಯಸ್ಸು ಹೇಳುವ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಜನರ ಮೇಲೆ ಪರೀಕ್ಷಿಸಿದ್ದರು? ಅವರ ಬದುಕು ನಮ್ಮ ಹಿರಿಯರ ಬದುಕಿನಂತಿದೆಯೇ? ವಯಸ್ಸಿಗೆ ದಾಖಲೆ ಇದೆಯೇ? ಉತ್ತರ ಸಿಗದಿದ್ದರೆ ಕಳಿಸುವುದನ್ನು ಬಿಡಿ. ಆ ಎರಡು ನಿಮಿಷದಲ್ಲಿ ಊರಿಗೆ ಫೋನ್ ಮಾಡಿ, "ಆರಾಮ" ಎಂಬ ಉತ್ತರದ ನಂತರ ಇನ್ನೊಂದು ಪ್ರಶ್ನೆ ಕೇಳಿ: ಸೂಜಿಗೆ ದಾರ ಪೋಣಿಸೋಕೆ ಆಗ್ತದಾ?