ಕ್ಲಾಸಲ್ಲಿ ಕಲಿತದ್ದು, ಊರಲ್ಲಿ ಕಂಡದ್ದು – 6: "ನಂಗೆ ಒಪ್ಪಿಗೆ ಇಲ್ಲ" ಅಂತಾನೂ ಬರ್ಕೊಳ್ಳಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮುಗಿಯದ ಜಗಳ ಒಂದಿದೆ: ಅಟ್ಟದ ಕೊಬ್ಬರಿ ಈಗ ಕೊಡೋದಾ, ಕಾಯೋದಾ? 🥥

ರೈತ ಉತ್ಪಾದಕರ ಕಂಪನಿ ಮಾಡಿದ್ರೂ ಈ ಜಗಳ ಬೋರ್ಡಿಗೇ ಬರುತ್ತೆ. ಅಲ್ಲಿ ಕನಿಷ್ಠ 5, ಹೆಚ್ಚೆಂದರೆ 15 ನಿರ್ದೇಶಕರು. ಒಬ್ಬರಿಗೆ ಸಾಲದ ಕಂತು ಎದುರಿಗಿದೆ, ಇನ್ನೊಬ್ಬರಿಗೆ ಕಾಯೋ ತಾಕತ್ತಿದೆ. ಇಬ್ಬರ ಲೆಕ್ಕಾನೂ ಸುಳ್ಳಲ್ಲ.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂ.; ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿದ್ದಿತ್ತು. 2025ರಲ್ಲಿ ಬೆಂಬಲ ಬೆಲೆ 12,100; ಮಾರುಕಟ್ಟೆ ಅದರ ದುಪ್ಪಟ್ಟು ದಾಟಿತು. ಒಂದು ವರ್ಷ ಸರಿಯಾದ ಮಾತು ಇನ್ನೊಂದು ವರ್ಷ ತಪ್ಪಾಗುತ್ತೆ.

ಹೀಗಿರುವಾಗ "ಎಲ್ರೂ ಒಪ್ಪಿದ್ದೀರಲ್ಲ?" ಅಂತ ಕೇಳಿ, ಸುಮ್ನೆ ಕೂತವರನ್ನೂ ಸೇರಿಸಿ "ಸರ್ವಾನುಮತ" ಅಂತ ಬರೆಸೋದು ಸರಿಯಲ್ಲ. 2013ರ ಕಂಪನಿ ಕಾಯ್ದೆಯ 118ನೇ ಸೆಕ್ಷನ್ ಪ್ರಕಾರ, ನಿರ್ಣಯಕ್ಕೆ ಒಪ್ಪದ ನಿರ್ದೇಶಕರ ಹೆಸರು ನಡಾವಳಿಯಲ್ಲಿ ಇರಲೇಬೇಕು. ಜೊತೆಗೆ ಕಾರಣಾನೂ ಎರಡು ಸಾಲು ಬರೀಬೇಕು ಅಂತೀನಿ ನಾನು. ಆಮೇಲೆ ದರ ಏರುಪೇರಾದಾಗ "ಅವತ್ತೇ ಹೇಳಿದ್ದೆ" ಅಂತ ಕಿತ್ತಾಡೋ ಬದಲು, ಪುಟ ತೆಗೆದು ಲೆಕ್ಕ ಎಲ್ಲಿ ತಪ್ಪಿತು ಅಂತ ನೋಡ್ಬಹುದು. ಅರ್ಧ ಮಾರಿ ಅರ್ಧ ಇಡೋ ದಾರಿ ಹೊಳೆಯೋದೂ ಇಬ್ಬರೂ ಬಾಯಿ ಬಿಟ್ಟಾಗಲೇ.

ಒಂದೇ ಷರತ್ತು: ತೀರ್ಮಾನ ಆದ್ಮೇಲೆ ಒಪ್ಪದವರೂ ಅದಕ್ಕೆ ಹೆಗಲು ಕೊಡ್ಬೇಕು. ಮೀಟಿಂಗಲ್ಲಿ ಮೌನ, ಟೀ ಅಂಗಡೀಲಿ ಭಾಷಣ ಆಗಬಾರದು.

ನಿಮ್ಮೂರ ಸಂಘದ ನಡಾವಳೀಲಿ "ಒಪ್ಪಿಗೆ ಇಲ್ಲ" ಅನ್ನೋ ಸಾಲು ಯಾವತ್ತಾದ್ರೂ ನೋಡಿದ್ದೀರಾ? ಕಾಮೆಂಟಲ್ಲಿ ಹೇಳಿ 👇

#ಕಲ್ಪತರುನಾಡು #ಕೊಬ್ಬರಿ #ಬಿಕಾಂಬದುಕು