ಜಾಲದ ಜೋಡಣೆ: ಚಿತ್ರವನ್ನು ಒತ್ತುವುದೋ, ಆಜ್ಞೆಯನ್ನು ಬರೆಯುವುದೋ?

ಗಣಕಯಂತ್ರವನ್ನು ಅಂತರಜಾಲಕ್ಕೆ ಜೋಡಿಸುವ ಕಾರ್ಯವನ್ನು ನಮ್ಮ ಮಕ್ಕಳು ಇಂದು ಪರದೆಯ ಮೂಲೆಯಲ್ಲಿರುವ ಪುಟ್ಟ ಚಿತ್ರವೊಂದನ್ನು ಒತ್ತಿ ಮುಗಿಸುತ್ತಾರೆ. ಸಂಪರ್ಕ ದೊರೆತರೆ ಸಂತೋಷ. ದೊರೆಯದಿದ್ದರೆ ಕೈಕಟ್ಟಿ ಕುಳಿತುಕೊಳ್ಳುವುದು. ಪ್ರೌಢಶಾಲೆಯ ಹಂತದಲ್ಲಿಯೇ ಕಮಾಂಡ್ ಲೈನ್ ಮೂಲಕ, ಎಂದರೆ ಕೀಲಿಮಣೆಯಿಂದ ಆಜ್ಞೆಗಳನ್ನು ಬರೆದು, ಈ ಜೋಡಣೆಯನ್ನು ಮಾಡುವ ಕ್ರಮವನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿ ಸಹೋದ್ಯೋಗಿ ಮಿತ್ರರು ನಕ್ಕದ್ದೂ ಉಂಟು.

ಕೆಲವು ವರ್ಷಗಳ ಹಿಂದಿನ ಮಾತು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಸಲ್ಲಿಸುವ ಕಡೆಯ ದಿನವೇ ನಾನಿದ್ದ ಶಾಲೆಯ ಗಣಕ ಕೊಠಡಿಯಲ್ಲಿ ಸಂಪರ್ಕ ನಿಂತುಹೋಯಿತು. ತಂತಿಯನ್ನು ಕಿತ್ತು ಮತ್ತೆ ಸಿಕ್ಕಿಸಿದೆವು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆವು. ಪಟ್ಟಣದ ತಂತ್ರಜ್ಞರು ಮರುದಿನ ಬರುವುದಾಗಿ ತಿಳಿಸಿದರು. 11 ಮಕ್ಕಳ ಅರ್ಜಿಗಳು ಮೇಜಿನ ಮೇಲಿದ್ದವು. ಆಗ ಹಳೆಯ ವಿದ್ಯಾರ್ಥಿಯೊಬ್ಬನು ಕಪ್ಪು ಪರದೆಯೊಂದನ್ನು ತೆರೆದು, 'ಪಿಂಗ್' ಎಂದು ಬರೆದು, ಮುಂದೆ ಹೊರಗಿನ ಯಂತ್ರವೊಂದರ ಸಂಖ್ಯಾವಿಳಾಸವನ್ನು ಕೊಟ್ಟನು. ಉತ್ತರ ಬಂದಿತು! ಅದೇ ಯಂತ್ರವನ್ನು ಹೆಸರಿನಿಂದ ಕರೆದಾಗ ಉತ್ತರವಿಲ್ಲ. ದಾರಿ ಸರಿಯಾಗಿಯೇ ಇದೆ, ಹೆಸರಿಗೆ ತಕ್ಕ ಸಂಖ್ಯೆಯನ್ನು ಹುಡುಕಿಕೊಡುವ ಡಿಎನ್‌ಎಸ್ ಯಂತ್ರದ ವಿಳಾಸ ಮಾತ್ರ ತಪ್ಪಿದೆ ಎಂದು ಅರಿಯಲು ಅವನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಯಾರೋ ಒಂದು ಅಂಕಿಯನ್ನು ತಪ್ಪಾಗಿ ಬರೆದಿದ್ದರು. ಸಂಜೆಯೊಳಗೆ 11 ಅರ್ಜಿಗಳೂ ಸಲ್ಲಿಕೆಯಾದವು.

ಈ 'ಪಿಂಗ್' ಅನ್ನು ಅಮೆರಿಕದ ಮೈಕ್ ಮೂಸ್ ಅವರು 1983ರ ಡಿಸೆಂಬರಿನಲ್ಲಿ ರಚಿಸಿದರು. ಜಲಾಂತರ್ಗಾಮಿಗಳು ಶಬ್ದವನ್ನು ಕಳುಹಿಸಿ ಅದರ ಮರುದನಿಯನ್ನು ಆಲಿಸುವ ರೀತಿಯೇ ಆ ಹೆಸರಿಗೆ ಮೂಲ. ನಾಲ್ಕು ದಶಕಗಳು ಕಳೆದರೂ ಅದರ ಬಳಕೆ ಬದಲಾಗಿಲ್ಲ. ಚಿತ್ರಗಳ ಪಟ್ಟಿಯಾದರೋ ಆವೃತ್ತಿಗೊಮ್ಮೆ ಸ್ಥಾನವನ್ನೂ ರೂಪವನ್ನೂ ಬದಲಿಸುತ್ತದೆ. ಆಜ್ಞೆಗಳೂ ಬದಲಾಗುವುದಿಲ್ಲವೆಂದಲ್ಲ: 1983ರಲ್ಲಿಯೇ ಬಂದ 'ಐಎಫ್‌ಕಾನ್ಫಿಗ್' ಲಿನಕ್ಸಿನಲ್ಲಿ ಹಿಂದೆ ಸರಿದು 'ಐಪಿ' ಎಂಬುದು ಆ ಸ್ಥಾನಕ್ಕೆ ಬಂದಿದೆ. ಆದರೆ ಅವು ಕೇಳುವ ಪ್ರಶ್ನೆಗಳು ಅವೇ. ತಂತಿಯಲ್ಲಿ ಜೀವವಿದೆಯೇ ಎಂಬುದನ್ನು 'ಐಪಿ ಲಿಂಕ್' ಹೇಳುತ್ತದೆ. ಯಂತ್ರಕ್ಕೆ ವಿಳಾಸವಿದೆಯೇ ಎಂಬುದನ್ನು 'ಐಪಿ ಅಡ್ರೆಸ್'. ಊರಿನಿಂದ ಹೊರಹೋಗುವ ಹೆಬ್ಬಾಗಿಲು ಯಾವುದೆಂಬುದನ್ನು 'ಐಪಿ ರೂಟ್'.

ವಿಳಾಸದ ಕೊನೆಗೆ ಓರೆಗೆರೆ ಎಳೆದು 24 ಎಂದು ಬರೆಯುವುದೇಕೆಂದು ಮಗು ಕೇಳಿದರೆ, ಅದೇ ಗಣಿತದ ಪಾಠವಾಗುತ್ತದೆ. ವಿಳಾಸದ 32 ದ್ವಿಮಾನ ಅಂಕಗಳಲ್ಲಿ 24 ಜಾಲದವು, ಉಳಿದ 8 ಯಂತ್ರದವು. 8 ಅಂಕಗಳಿಂದ 256 ಸಂಖ್ಯೆಗಳು. ಮೊದಲನೆಯದನ್ನೂ ಕಡೆಯದನ್ನೂ ಬಿಟ್ಟರೆ 254 ಯಂತ್ರಗಳಿಗೆ ಎಡೆಯುಂಟು. ಚಿತ್ರವನ್ನು ಒತ್ತುವವನಿಗೆ ಈ ಪ್ರಶ್ನೆ ಹುಟ್ಟುವುದೇ ವಿರಳ.

ಆಜ್ಞೆಗಳೆಲ್ಲ ಇಂಗ್ಲಿಷಿನವು, ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟವೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಲಿಯಬೇಕಾದುವು ಐದಾರು ಪದಗಳು. ಮಕ್ಕಳು ಕೆಡಿಸಿಬಿಟ್ಟಾರು ಎಂಬ ಭಯವೂ ಅತಿಯಾದುದು. 'ಐಪಿ' ಆಜ್ಞೆಯಿಂದ ಮಾಡಿದ ಬದಲಾವಣೆಗಳು ಯಂತ್ರವನ್ನು ಮತ್ತೆ ಹೊತ್ತಿಸಿದೊಡನೆ ಅಳಿಸಿಹೋಗುತ್ತವೆ. ಶಾಶ್ವತವಾಗಿ ಉಳಿಸಲು 'ಎನ್‌ಎಂಸಿಎಲ್‌ಐ'ಯಂತಹ ಬೇರೆ ಸಾಧನ ಬೇಕು. ತಪ್ಪು ಮಾಡಿ ಕಲಿಯುವವನಿಗೆ ಇದಕ್ಕಿಂತ ಕರುಣಾಳುವಾದ ಪಾಟಿ ಯಾವುದು? ದೂರದ ಯಂತ್ರವನ್ನು ಜಾಲದ ಮೂಲಕವೇ ತಿದ್ದುವಾಗ ಮಾತ್ರ ಎಚ್ಚರ ಬೇಕು. ಅಲ್ಲಿ ತಪ್ಪಿದರೆ ಕುಳಿತ ಕೊಂಬೆಯನ್ನೇ ಕಡಿದಂತೆ.

ಇದಕ್ಕೆ ಹೊಸ ಯಂತ್ರಗಳು ಬೇಕಿಲ್ಲ. ಉಗ್ರಾಣದಲ್ಲಿ ಧೂಳು ಹಿಡಿದಿರುವ ಎರಡು ಹಳೆಯ ಯಂತ್ರಗಳು, ಹಣ ತೆರದೆ ದೊರೆಯುವ ಲಿನಕ್ಸ್, ನಡುವೆ ಒಂದು ತಂತಿ. ಒಂದಕ್ಕೆ 192.168.1.1, ಇನ್ನೊಂದಕ್ಕೆ 192.168.1.2 ಎಂದು ಮಕ್ಕಳೇ ವಿಳಾಸ ಕೊಟ್ಟು, ಒಂದರಿಂದ ಇನ್ನೊಂದನ್ನು ಕರೆಯಲಿ. ಬರುವ ಜೂನ್ ತಿಂಗಳಿನಿಂದ ಎಂಟನೆಯ ತರಗತಿಗೆ ವಾರಕ್ಕೊಂದು ಅವಧಿಯನ್ನು ಇದಕ್ಕಾಗಿ ಮೀಸಲಿಡಬೇಕೆಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ.